ಕಲ್ಲುಪಾಳ್ಯದ ದಾರಿ ಕೇಳಿದವಳು

ಚೇಳೂರಿನ ಬಸ್‌ಸ್ಟ್ಯಾಂಡ್ ಎದುರಿಗಿರುವ ಪುಟ್ಟರಂಗಯ್ಯನ ಟೀ ಅಂಗಡಿಯಲ್ಲಿ ಆ ಸಂಜೆ ಇಬ್ಬರು ಮಳೆಗೆ ಸಿಕ್ಕಿಕೊಂಡಿದ್ದರು: ಗುಬ್ಬಿ ಬಸ್ಸಿಗೆ ಕಾಯುತ್ತಿದ್ದ ಪ್ರಮೀಳಾ ಟೀಚರ್ ಮತ್ತು ಪಕ್ಕದ ಮೊಬೈಲ್ ಅಂಗಡಿಯ ಸಂಗಮೇಶ್. ಲಾರಿಯವನೊಬ್ಬ ಗಾಡಿ ನಿಧಾನಿಸಿ ಯಾವುದೋ ಊರಿನ ದಾರಿ ಕೇಳಿದ. ಸಂಗಮೇಶ್ ಕೂತಲ್ಲಿಂದಲೇ "ಸ್ಟ್ರೈಟ್ ಹೋಗಿ ಲೆಫ್ಟ್ ತಗೊಳ್ಳಿ" ಎಂದ. ಎಪ್ಪತ್ತು ದಾಟಿದ, ಮಂಡಿ ಹಿಡಿದುಕೊಂಡೇ ಓಡಾಡುವ ಪುಟ್ಟರಂಗಯ್ಯ ಮಳೆಗೆ ಇಳಿದು ಓಡಿ ಲಾರಿ ತಡೆದ. "ನಮಗೆ ಗೊತ್ತಿಲ್ಲ ಕಣಪ್ಪ, ಮುಂದೆ ಕೇಳು" ಎಂದು ಹೇಳಿ ಬಂದು ಸಂಗಮೇಶನ ಮೇಲೆ ಹರಿಹಾಯ್ದ.

"ಗೊತ್ತಿತ್ತೇನ್ಲಾ ಆ ಊರು?"

"ಇಲ್ಲ ತಾತ. ಕೇಳಿದ್ರಲ್ಲ, ಏನಾದ್ರೂ ಹೇಳ್ಬೇಕಲ್ಲ ಅಂತ..."

ಮುದುಕ ಬೆಂಚಿನ ಮೇಲೆ ಕುಸಿದ. ಆರು ವರ್ಷದ ಹಿಂದೆ ಪೊಲೀಸರ ಮುಂದೆ ಅವನೂ ಇದೇ ಮಾತು ಆಡಿದ್ದ. ನುಂಗಿಕೊಂಡೇ ಬಂದದ್ದು ಇವತ್ತು ಬಾಯಿಗೆ ಬಂತು.

"ಕೂತ್ಕೊಳ್ಳಿ ಟೀಚರಮ್ಮ, ಈ ಮಳೇಲಿ ಬಸ್ಸು ಬರಾಕಿಲ್ಲ. ನೀನೂ ಕೇಳ್ಲಾ... ಅವತ್ತೂ ಹಿಂಗೇ ಕೆರೆ ಕೋಡಿ ಬೀಳೋವಂಥ ಮಳೆ. ಒಂದು ಹೆಣ್ಣುಮಗಳು ಸೈಕಲ್ ತಳ್ಕೊಂಡು ಬಂದ್ಲು, ಹಾನಾ ಅಂತ, ಪೋಲೆಂಡ್ ದೇಶದೋಳು. ಅವಳ ಡೈರಿ ಓದಿಸಿ ಪೊಲೀಸ್ನೋರು ಆಮೇಲೆ ಹೇಳಿದ್ದು ಇದೆಲ್ಲ. ನಮ್ಮ ಜನ ಅವಳನ್ನ ಎರಡೂ ಥರ ನೋಡ್ಕೊಂಡಿದ್ರು. ತುಮಕೂರಲ್ಲಿ ಯಾವನೋ ಲಾಡ್ಜ್‌ನೋನು ಒಂಟಿ ಹೆಂಗಸಿಗೆ ರೂಮ್ ಇಲ್ಲ ಅಂದನಂತೆ, ಕುಣಿಗಲ್ ರೋಡಲ್ಲಿ ಬೈಕಿನ ಪಡ್ಡೆಗಳು ಸೆಲ್ಫಿ ಸೆಲ್ಫಿ ಅಂತ ಗೋಳು ಹುಯ್ಕೊಂಡ್ರಂತೆ... ಗುಬ್ಬೀಲಿ ಮಾತ್ರ, ಸಂತೆಗೆ ಬಂದಿದ್ದ ಭದ್ರಮ್ಮ ಅನ್ನೋ ಮಹಾತಾಯಿ ತನ್ನ ಬುತ್ತಿ ಬಿಚ್ಚಿ ಉಣ್ಣಾಕಿಕ್ಕಿ, ರಾತ್ರಿಗೆ ನಮ್ಮನೆಗೇ ಬಾ ಅಂತ ಊರಿನ ಹೆಸರು ಚೀಟೀಲಿ ಬರೆಸ್ಕೊಟ್ಟಿದ್ಲು. ಆ ಚೀಟಿ ನನ್ನ ಮುಂದೆ ಹಿಡಿದ್ಲು. ಕಲ್ಲುಪಾಳ್ಯ.

"ನಂಗೆ ಗೊತ್ತಿರ್ಲಿಲ್ಲ ಕಣವ್ವ. ಆದ್ರೆ ಅಂಗಡೀಲಿ ಐದಾರು ಜನ ಕೂತಿದ್ರು, ಹೋಬಳಿಯೆಲ್ಲ ನನ್ನ ಬೆರಳ ತುದೀಲದೆ ಅಂತ ಜಂಬ ಕೊಚ್ಕೊಳ್ತಿದ್ದೋನು ನಾನು, ಅಷ್ಟು ದೂರದಿಂದ ಬಂದೋಳಿಗೆ ಗೊತ್ತಿಲ್ಲ ಅನ್ನೋದು ಹೆಂಗೆ? ಮರ್ವಾದೆ ಏನಾಯ್ತದೆ? ಕೈ ಎತ್ತಿದೆ... ಬಲಕ್ಕೆ, ಕೆರೆ ಏರಿ ಕಡೆ ತೋರಿಸ್ಬುಟ್ಟೆ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋದ್ಲು. ಕೋಡಿ ನೀರು ದಾರಿ ಮೇಲೇ ಹರೀತಿತ್ತು. ಬೆಳಿಗ್ಗೆ ಸೈಕಲ್ ಸಿಕ್ತು, ಮಧ್ಯಾಹ್ನಕ್ಕೆ ಅವಳು... ಕಲ್ಲುಪಾಳ್ಯ ಎಲ್ಲಿತ್ತು ಗೊತ್ತಾ? ಎಡಗಡೆ ನಾಲ್ಕು ಮೈಲಿ, ತೆಂಗಿನ ತೋಟದ ಮಧ್ಯೆ ಹತ್ತೇ ಮನೆ. ಭದ್ರಮ್ಮ ಮುದ್ದೆ ಕಟ್ಟಿಟ್ಟು, ಬಾಗಿಲು ತೆಕ್ಕೊಂಡು ಕಾದಿದ್ಲಂತೆ. ಹೆಣ ನೋಡೋಕೆ ಬಂದೋಳು ನನ್ನ ಬಯ್ಯಲಿಲ್ಲ. 'ಗೊತ್ತಿಲ್ಲ ಅಂದಿದ್ರೆ ಇನ್ನೊಬ್ರನ್ನ ಕೇಳೋಳಲ್ಲಣ್ಣ' ಅಂದ್ಲು, ಅಷ್ಟೇ. ಚಪ್ಪಲೀಲಿ ಹೊಡೆದಿದ್ರೂ ಚೆನ್ನಾಗಿತ್ತು."

ಪ್ರಮೀಳಾ ನೀರಿನ ಲೋಟ ಕೊಟ್ಟರು. ಮುದುಕ ಅದನ್ನು ಮುಟ್ಟಲಿಲ್ಲ.

"ಮಾರನೇ ವರ್ಷ, ಮತ್ತೆ ಇಂಥದೇ ಮಳೆ ಹಿಡಿದ ದಿನ, ಬಂದ್ಲು. ಅದೇ ಸೈಕಲ್, ಅದೇ ಚೀಟಿ... ಮೈಯೆಲ್ಲ ನೀರು ಸೋರ್ತಿತ್ತು, ಚೀಟಿ ಮಾತ್ರ ಒಣಗಿತ್ತು. ಹೆದರಿದೆ ಅಂತೀರಾ? ಇಲ್ಲ, ಸಂತೋಷ ಆಯ್ತು! ತಪ್ಪು ತಿದ್ಕೊಳ್ಲಿ ಅಂತ ದೇವ್ರೇ ಕಳಿಸವ್ನೆ ಅಂದ್ಕೊಂಡೆ. ಎಡಕ್ಕೆ ಹೋಗು ತಾಯಿ, ಎಡಕ್ಕೆ ಅಂತ ಕೂಗ್ದೆ. ನಮಸ್ಕಾರ ಮಾಡಿ ಬಲಕ್ಕೇ ಹೋದ್ಲು. ಪ್ರತಿ ವರ್ಷ ಕೂಗ್ತೀನಿ, ಪ್ರತಿ ವರ್ಷ ಕೆರೆಗೇ ಹೋಗ್ತಾಳೆ... ಯಾಕೆ ಅಂತ ಹೋದ ವರ್ಷ ತಿಳೀತು. ಅವಳಿಗೆ ನಮ್ಮ ಮಾತು ಎಲ್ಲಿ ಬರ್ತದೆ? ಅವಳು ಕೈ ನೋಡ್ತಾಳೆ. ನನ್ನ ಬಾಯಿ ಎಡಕ್ಕೆ ಅಂತದೆ, ಈ ಬಲಗೈ ತಾನಾಗೇ ಎದ್ದು ಕೆರೆ ತೋರಿಸ್ತದೆ. ನಾನು ಎತ್ತಲ್ಲ ಟೀಚರಮ್ಮ... ಅದೇ ಏಳ್ತದೆ."

ಪುಟ್ಟರಂಗಯ್ಯ ರಸ್ತೆಯ ಕಡೆ ನೋಡಿದ. ಭುಜದಲ್ಲಿ ಆ ಸೆಳೆತ ಶುರುವಾಗಿತ್ತು.

"ಇಬ್ರೂ ಹತ್ರ ಬನ್ನಿ... ಈ ಕೈ ಬಿಗಿಯಾಗಿ ಹಿಡ್ಕೊಳ್ಳಿ. ಈ ಸಲನಾದ್ರೂ ಅವಳು ಭದ್ರಮ್ಮನ ಮನೆ ಸೇರ್ಲಿ. ಬುಡಬ್ಯಾಡ ಕಣ್ಲಾ, ಹಿಡ್ಕೋ... ಅಗೋ, ಸೈಕಲ್ ಸ್ಟ್ಯಾಂಡ್ ಹಾಕ್ತಾವಳೆ."