ಬೋರಣ್ಣನ ಹರಕೆ ಹುಂಜ

ದೀಪ ಸ್ವಲ್ಪ ಸಣ್ಣ ಮಾಡಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮಧ್ಯೆ ಬಾಯಿ ಹಾಕಬೇಡಿ. ಇದು ನಮ್ಮ ಪಕ್ಕದ ಮನೆ ಬೋರಣ್ಣನಿಗೆ ಆದದ್ದು. ಆಗ ಜಯನಗರಕ್ಕೆ ಇನ್ನೂ ಗೂಟ ಹೊಡೀತಿದ್ದರು. ನಮ್ಮ ಚಿಕ್ಕಲಸಂದ್ರದ ಸುತ್ತ ಬರೀ ರಾಗಿ ಹೊಲ, ಕೆರೆ, ಕೆರೆ ಅಂಚಿಗೆ ಆಳೆತ್ತರ ಜೊಂಡು.

ಬೋರಣ್ಣನ ಮಗಳು ಜಯಾಗೆ ಅಮ್ಮ ಎದ್ದಿತ್ತು. ಪುಟ್ಟ ಕೂಸು, ಮೈತುಂಬ ಸಿಡುಬು, ಎದ್ದು ಕೂರೋಕೂ ತ್ರಾಣವಿಲ್ಲ. ಮಾರಮ್ಮನಿಗೆ ಹುಂಜದ ಹರಕೆ ಹೊತ್ತಿದ್ದರು, ಬೆಳಗಾದರೆ ಒಪ್ಪಿಸಬೇಕು. ದೇವರ ಪಾಲಿನದು ಅಂತ ಅದನ್ನ ಮಿಕ್ಕ ಕೋಳಿಗಳ ಜೊತೆ ಮಂಕರಿ ಕೆಳಗೆ ಮುಚ್ಚಲಿಲ್ಲ. ಹಿತ್ತಲಿನ ನುಗ್ಗೆಮರದ ಮೇಲೆ ಬಿಟ್ಟರು. ಭಕ್ತಿ ಹೆಚ್ಚಾಗಿ ಮಾಡಿದ ತಪ್ಪು ಅದು.

ಸರಿರಾತ್ರಿ... ಟಪ್. ಅಷ್ಟೇ ಸದ್ದು. ಹುಂಜ ಕೂಗಲೂ ಇಲ್ಲ.

ಕಾಡುಬೆಕ್ಕು ಹಿಡಿದರೆ ಹಾಗೇ. ನರಿ ಥರ ಗಲಾಟೆ ಮಾಡೋದಿಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ, ಕಿವಿ ಮಾತ್ರ ಆಡಿಸುತ್ತಾ ಕಾಯುತ್ತೆ. ಆಮೇಲೆ ಒಂದೇ ನೆಗೆತ, ಹಿಂಗತ್ತಿಗೆ ಹಲ್ಲು.

"ಹುಂಜ ಹೋಯ್ತಲ್ಲ... ನನ್ ಕೂಸೂ ಹೋಯ್ತದೆ," ಅಂದಳು ಅವನ ಹೆಂಡತಿ ಅಕ್ಕಯಮ್ಮ.

"ಸುಮ್ಕಿರು. ಮಗೀನ ಕೈ ಬಿಡಬ್ಯಾಡ. ತತ್ತೀನಿ."

ಲಾಟೀನು, ಮಚ್ಚು ಹಿಡಿದು ಹೊರಟ. ಉದುರಿದ ಪುಕ್ಕ ನೋಡಿಕೊಂಡು ಆಲದ ಮರ ದಾಟಿದ, ಕೆರೆ ಪಕ್ಕದ ಹಳೇ ಬಾವಿ ಹತ್ತಿರ ಬಂದ. ಜೊಂಡು ಸರ್... ಸರ್... ಅಂತು.

ಬಾವಿ ಕಟ್ಟೆ ಮೇಲೆ ನಿಂತಿತ್ತು. ಮನೆ ಬೆಕ್ಕಿಗಿಂತ ಎಷ್ಟೋ ದೊಡ್ಡದು. ಉದ್ದುದ್ದ ಕಾಲು. ಒಣ ರಾಗಿಹುಲ್ಲಿನ ಬಣ್ಣ. ಮೋಟು ಬಾಲ, ಅದರ ತುದೀಲಿ ಕಪ್ಪು ಬಳೆ. ಕಿವಿ ತುದೀಲಿ ಕೂದಲ ಕುಚ್ಚು. ಬಾಯಲ್ಲಿ ಹುಂಜ ಇರಲಿಲ್ಲ. ಲಾಟೀನಿನ ಬೆಳಕಿಗೆ ಕಣ್ಣು ಹಸಿರಾಗಿ ಉರೀತು... ಆದರೆ ಅದು ಬೋರಣ್ಣನ್ನ ನೋಡ್ತಿರಲಿಲ್ಲ. ಅವನ ಹಿಂದೆ, ಮೊಣಕಾಲೆತ್ತರದಲ್ಲಿ ಏನನ್ನೋ ನೋಡ್ತಿತ್ತು. ಮೆಲ್ಲಗೆ ಹೊಟ್ಟೆ ಕೆಳಗಿಳಿಸಿತು. ಬೇಟೆಗೆ ಕೂರೋ ಹಾಗೆ.

ಬೋರಣ್ಣ ತಿರುಗಿದ.

ಜಯಾ ನಿಂತಿದ್ದಳು. ಬರಿಗಾಲಲ್ಲಿ.

"ಅಪ್ಪಾ... ಎತ್ಕೊ," ಅಂದಳು ಪಿಸುದನಿಯಲ್ಲಿ.

ಬಾಚಿ ಎತ್ತಿಕೊಂಡು ಓಡಿದ. ಲಾಟೀನು ಎಲ್ಲಿ ಬಿತ್ತೋ, ಮಚ್ಚು ಎಲ್ಲಿ ಬಿತ್ತೋ. ಹಿಂದೆ ಒಣಗಿದ ಎಲೆ ಚರಕ್... ಚರಕ್... ಇವನು ನಿಂತರೆ ಅದೂ ನಿಲ್ಲುತ್ತೆ. ಆಲದ ಮರದ ಕೆಳಗೆ ಬರೋ ಹೊತ್ತಿಗೆ ಮಗುವಿನ ಮೈ ತಣ್ಣಗಾಯ್ತು. ಎರಡೂ ಕೈಲಿ ಬಿಗಿಯಾಗಿ ಅವುಚಿಕೊಂಡ.

ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿದ. ಚಾಪೆ ಪಕ್ಕ ಅಕ್ಕಯಮ್ಮ ಕೂತಿದ್ದಳು, ಮಗಳ ಕೈ ಹಿಡಿದುಕೊಂಡೇ. ಜಯಾ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು.

"ಕೂಸು... ಆಚೆ ಬಂದಿತ್ತಾ?" ಅಂದ ಬೋರಣ್ಣ.

"ಇಲ್ವಲ್ಲ. ನಾನು ಕೈ ಬಿಟ್ಟೇ ಇಲ್ಲ... ಅದೇನು ತಬ್ಕೊಂಡಿರೋದು?"

ಬೋರಣ್ಣ ಮೆಲ್ಲಗೆ ತೋಳು ಸಡಿಲಿಸಿದ. ಹುಂಜ. ಜೀವಂತ. ಕಣ್ಣು ಪಿಳುಕಿಸಿತು.

ಬೆಳಗ್ಗೆ ಅದನ್ನೇ ಮಾರಮ್ಮನಿಗೆ ಒಪ್ಪಿಸಿದರು. ಜಯಾ ಉಳಿದಳು. ಈಗ ಸುದ್ದಗುಂಟೆಪಾಳ್ಯದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಬೇಕಾದರೆ ಹೋಗಿ ಕೇಳಿ. ಬೋರಣ್ಣ ಕನಸು ಕಂಡ, ಹೆದರಿಕೊಂಡ ಅಂತ ನನ್ನ ಮುಂದೆ ಮಾತ್ರ ಹೇಳಬೇಡಿ. ಅವತ್ತು ಬೆಳಗ್ಗೆ ಹೊಸ ಬೇವಿನ ಸೊಪ್ಪು ಹಾಸೋಕೆ ಹೋದವಳು ನಾನೇ. ಈ ಕಣ್ಣಾರೆ ನೋಡಿದೀನಿ... ಕೂಸಿನ ಎರಡೂ ತೋಳಿನ ಮೇಲೆ ದಪ್ಪ ಬೆರಳಿನ ಗುರುತು, ಕೆಂಪಗೆ. ಏನೇ ಜಯಾ ಇದು ಅಂದೆ.

"ಅಪ್ಪ ಓಡೋವಾಗ ಜೋರಾಗಿ ಹಿಡ್ಕೊಂಡ್ಬಿಡ್ತು," ಅಂದಳು.