ಎರಡನೇ ಹಲಗೆ

ಆ ಬಾಗಿಲು ಮುಂದಕ್ಕೆ ಎಳೆದುಬಿಡಿ. ಇದನ್ನು ಹೇಳುವಾಗ ನನಗೆ ಬೀದಿ ಕಾಣಬಾರದು.

ಇದು ನಮ್ಮ ಪಕ್ಕದ ಮನೆಯ ಮಹಾಂತೇಶನಿಗೆ ಆದದ್ದು. ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ್ದಲ್ಲ. ಅವನೇ ನಮ್ಮ ಜಗಲಿ ಮೇಲೆ ಕೂತು, ಕೈಯಲ್ಲಿದ್ದ ಕಾಫಿ ಆರಿ ಕೆನೆ ಕಟ್ಟುವವರೆಗೂ ಹೇಳಿದ್ದು.

ಎರಡು ಸಾವಿರದ ಮೂರನೇ ಇಸವಿ. ಸಂಕ್ರಾಂತಿ ಕಳೆದು ನಾಲ್ಕು ದಿನ ಆಗಿತ್ತು. ಶ್ರೀರಾಂಪುರ ಆಗ ಹೀಗಿರಲಿಲ್ಲ. ಸೈಟಿನ ಕಲ್ಲು ನೆಟ್ಟಿದ್ದರು, ಮನೆ ಅಲ್ಲೊಂದು ಇಲ್ಲೊಂದು. ನಡುವೆ ಹೊಲದ ಕಾಲದ ಒಂದು ಬಾವಿ ಹಾಗೇ ಉಳಿದುಕೊಂಡಿತ್ತು. ಕಟ್ಟೆ ಒಡೆದಿತ್ತು, ನೀರು ಮಾತ್ರ ಇತ್ತು. ಆ ಬಾವಿಯ ಪಕ್ಕದ ಖಾಲಿ ಸೈಟಿನಲ್ಲೇ ಮಹಾಂತೇಶನ ಮರದ ಡಿಪೋ. ಡಿಪೋ ಅಂದರೆ ದೊಡ್ಡದೇನಲ್ಲ... ನಾಲ್ಕು ಕಂಬ, ಮೇಲೆ ಶೀಟು, ಸುತ್ತ ತಂತಿಬೇಲಿ. ಅವನ ಕಸುಬು ಹಳೇ ಕಟ್ಟಡ ಕೆಡವುವುದು. ಕೆಡವಿ, ಅದರ ಕಂಬ, ತೊಲೆ, ಬಾಗಿಲು ತಂದು ಮಾರುವುದು. ಹೊಸದಾಗಿ ರೆಸಾರ್ಟು ಕಟ್ಟುವವರು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು.

ಆವತ್ತು ಕೊನೇ ಬಸ್ಸು ತಪ್ಪಿ, ರಾತ್ರಿ ಎರಡರ ಹೊತ್ತಿಗೆ ನಡೆದುಕೊಂಡೇ ಬರುತ್ತಿದ್ದ. ಚಳಿ. ನಾಯಿಗಳೂ ಮುದುರಿಕೊಂಡಿದ್ದವು. ಬಾವಿ ಹತ್ತಿರ ಬಂದಾಗ ಡಿಪೋ ಒಳಗಿನಿಂದ ಕೇಳಿಸಿತು.

ಕಿರ್ರ್...

ಆಮೇಲೆ ಸರ್ರ್ ಅಂತ ಎಳೆದ ಹಾಗೆ. ಆಮೇಲೆ... ಠಕ್.

ಮಹಾಂತೇಶ ನಿಂತ. ಕಳ್ಳ ಅಂದುಕೊಂಡ. ಉಸಿರು ಬಿಡದೆ ಕಿವಿಗೊಟ್ಟ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಕಿರ್ರ್... ಅಷ್ಟೇ. ಅರ್ಧಕ್ಕೆ ನಿಂತುಹೋಯಿತು. ಸರ್ರ್ ಅನ್ನಲಿಲ್ಲ. ಠಕ್ ಅನ್ನಲಿಲ್ಲ.

"ಯಾರ್ಲಾ ಅದು?" ಅಂದ. ಟಾರ್ಚು ಬಿಟ್ಟ. ಯಾರೂ ಇಲ್ಲ. ಹಿಂದಿನ ಕಂಬಕ್ಕೆ ಒರಗಿಸಿದ ಒಂಬತ್ತು ಹಲಗೆ ಒರಗಿಸಿದ ಹಾಗೇ ಇದ್ದವು. ಅವನೇ ಕಟ್ಟಿದ ಹಗ್ಗ, ಅವನೇ ಹಾಕಿದ ಗಂಟು. ಆದರೆ ಹೊಂಗೆ ಎಣ್ಣೆಯ ವಾಸನೆ... ಈಗ ತಾನೇ ಬಟ್ಟೆಯಲ್ಲಿ ಒರೆಸಿ ಇಟ್ಟ ಹಾಗೆ.

ಕಳ್ಳ ಅಲ್ಲ ಅಂತ ಅವನಿಗೆ ಆಗಲೇ ಗೊತ್ತಾಯಿತು. ಆ ಸದ್ದನ್ನು ಅವನು ತಿಂಗಳ ಹಿಂದೆ ಒಂದು ಸಲ ಕೇಳಿದ್ದ. ಕೇಳಿದ್ದೆ ಅಂತ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ.

ಆ ಹಲಗೆಗಳು ಎಲ್ಲಿಂದ ಬಂದವು ಅಂತ ಹೇಳಬೇಕು.

ಅಗ್ರಹಾರದ ಒಂದು ಬೀದಿಯಲ್ಲಿ ಹನ್ನೊಂದು ಅಂಗಡಿಗಳ ಸಾಲು ಇತ್ತು. ರಾಜರ ಕಾಲದ್ದು. ಒಂದೇ ಉದ್ದನೆಯ ಹೆಂಚಿನ ಸೂರು, ಮುಂದೆ ಮರದ ಕಂಬಗಳು, ಕಲ್ಲಿನ ಜಗಲಿ. ಬಾಗಿಲಂದರೆ ಒಂದೊಂದು ಅಡಿ ಅಗಲದ ಹಲಗೆಗಳು. ಹೊಸ್ತಿಲ ತೋಡಿನಲ್ಲಿ ಒಂದಾದಮೇಲೆ ಒಂದು ಕೂರಿಸಿಕೊಂಡು ಬರಬೇಕು, ತೆಗೆಯುವಾಗ ಒಂದೊಂದೇ ಎತ್ತಿ ಎಳೆಯಬೇಕು. ನೀವೂ ನೋಡಿರುತ್ತೀರಿ. ಈಗ ಎಲ್ಲಿವೆ ಅವೆಲ್ಲ, ಎಲ್ಲಾ ಶಟರು.

ಸಾಲಿನ ಮಾಲೀಕರು ಸದಾಶಿವಯ್ಯ. ಅವರಿಗೆ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಏಳಿಸಬೇಕು. ಬಳೆ ಅಂಗಡಿ, ಗ್ರಂಧಿಗೆ ಅಂಗಡಿ, ಹೋಟೆಲು, ಒಬ್ಬೊಬ್ಬರನ್ನೇ ಖಾಲಿ ಮಾಡಿಸಿದರು. ಉಳಿದವನು ಆರನೇ ಅಂಗಡಿಯ ಸಣ್ಣಮಾದಯ್ಯ ಒಬ್ಬ. ಛತ್ರಿ, ಸ್ಟವ್ವು, ಪೆಟ್ರೊಮ್ಯಾಕ್ಸು ರಿಪೇರಿ ಮಾಡುವ ಮುದುಕ. ನಲವತ್ತು ವರ್ಷ ಅಲ್ಲೇ ಕೂತವನು. ಅದೇ ಬೀದಿಯಲ್ಲಿ ಶಾರದಾ ಮೇಡಂ ಅಂತ ಹೈಸ್ಕೂಲಿನ ಟೀಚರು. ಆ ಸಾಲು ಉಳಿಯಬೇಕು ಅಂತ ಅರ್ಜಿ ಮೇಲೆ ಅರ್ಜಿ ಬರೆದರು. ಕೊನೆಗೆ ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಒಂದು ಸಮಿತಿಯವರು ಒಪ್ಪಿದರು. ಸೋಮವಾರ ಬಂದು ಅಳತೆ ತೆಗೆದುಕೊಳ್ಳುತ್ತೇವೆ ಅಂದರು.

ಶನಿವಾರ ಸಂಜೆ ಸದಾಶಿವಯ್ಯ ಮಹಾಂತೇಶನನ್ನು ಕರೆಸಿದರು.

"ಸೋಮವಾರ ಅವ್ರು ಬಂದು ಪಾರಂಪರಿಕ ಅಂತ ಒಂದು ಬೋರ್ಡ್ ನೆಟ್ಬುಟ್ರೆ, ನನ್ನ ಗೋಡೆಗೆ ನಾನು ಮೊಳೆ ಹೊಡಿಯೋಕೂ ಅವ್ರನ್ನೇ ಕೇಳ್ಬೇಕು ಕಣೋ. ಭಾನುವಾರ ಬೆಳಗಾಗೋದ್ರೊಳಗೆ ನೆಲಸಮ ಆಗ್ಬೇಕು. ಮರ ಅಷ್ಟೂ ನಿಂದೇ."

"ಮಾದಯ್ಯ ಇನ್ನೂ ಖಾಲಿ ಮಾಡಿಲ್ವಲ್ಲ ಸ್ವಾಮಿ?"

"ಕತ್ತಲಾದ್ರೆ ಅವನು ಅಶೋಕಪುರಂಗೆ, ಮನೆಗೆ ಹೋಗ್ತಾನೆ. ಸಾಮಾನು ಹೋದ್ರೆ ಕೊಡ್ಸಿದ್ರಾಯ್ತು. ನೀನು ಶುರು ಮಾಡು."

ರಾತ್ರಿ ಎರಡು ಗಂಟೆ. ಹಿಂದಿನ ಓಣಿಯಲ್ಲಿ ಜೆಸಿಬಿ ನಿಂತಿತ್ತು. ಕರೆಂಟಿನ ತಂತಿ ಕತ್ತರಿಸಿ ಆಗಿತ್ತು. ಬೀದಿ ಕೊನೆಯಲ್ಲಿ ಮಾಲೀಕರ ಕಾರು, ದೀಪ ಆರಿಸಿಕೊಂಡು. ಮಹಾಂತೇಶ ಪದ್ಧತಿ ಪ್ರಕಾರ ಅಂಗಡಿ ಅಂಗಡಿಯ ಮುಂದೆಯೂ ನಿಂತು ಕೂಗಿಕೊಂಡು ಬಂದ. "ಯಾರಾದ್ರೂ ಇದೀರೇನ್ರೀ?" ಖಾಲಿ ಅಂಗಡಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಆರನೆಯದು ಮಾತ್ರ ಮುಚ್ಚಿತ್ತು. ಒಂಬತ್ತು ಹಲಗೆಯೂ ಕೂತಿದ್ದವು.

ಹೊರಗೆ ಬೀಗ ಇರಲಿಲ್ಲ.

ಅದನ್ನು ಅವನು ನೋಡಿದ. ನೋಡಿದೆ ಅಂತ ಅವನೇ ಹೇಳಿದ. ಹೊರಗೆ ಬೀಗ ಇಲ್ಲದೆ ಹಲಗೆ ಕೂತಿದೆ ಅಂದರೆ ಒಳಗಿನಿಂದ ಕೂರಿಸಿದ್ದಾರೆ ಅಂತ ಅರ್ಥ. ಮೂರು ಸಲ ತಟ್ಟಿದ. ಸದ್ದಿಲ್ಲ. ತಿರುಗಿ ನಾಲ್ಕು ಹೆಜ್ಜೆ ಇಟ್ಟ.

ಕಿರ್ರ್... ಸರ್ರ್... ಠಕ್.

ಹೆಗ್ಗಣ, ಅಂದುಕೊಂಡ. ಹೆಗ್ಗಣ ಹಲಗೆ ಎತ್ತುವುದಿಲ್ಲ ಅಂತ ಅವನಿಗೆ ಗೊತ್ತು. ಮರದ ಮಧ್ಯೆಯೇ ಬೆಳೆದವನು. ಆದರೂ ಹೆಗ್ಗಣ ಅಂದುಕೊಂಡ. ಲಾರಿ ಕಾಯುತ್ತಿದೆ, ಕಾರಿನಲ್ಲಿ ಮಾಲೀಕರು ಕಾಯುತ್ತಿದ್ದಾರೆ, ಮುದುಕ ಎದ್ದು ಬಂದು ಜಗಲಿ ಮೇಲೆ ಕೂತುಬಿಟ್ಟರೆ ಬೆಳಗಾಗಿಬಿಡುತ್ತೆ... ಎರಡನೇ ಸಲ ಕಿರ್ರ್ ಅಂತ ಶುರುವಾಯಿತು. ಮಹಾಂತೇಶ ಟಾರ್ಚು ಮೇಲೆತ್ತಿ ಡ್ರೈವರಿಗೆ ಸನ್ನೆ ಮಾಡಿದ.

ಹಿಂದಿನ ಗೋಡೆ ಒಳಕ್ಕೆ ಬಿತ್ತು. ಸೂರು ಪೂರ್ತಿ ಕೂತುಕೊಂಡಿತು.

ಮರವೆಲ್ಲ ಲಾರಿಗೆ ತುಂಬಿ ಕಳಿಸಿ ಆಗಿತ್ತು. ಬೆಳಗ್ಗೆ ಆರರ ಹೊತ್ತಿಗೆ ಹೆಂಚು ಎತ್ತುತ್ತಿದ್ದ ಕೂಲಿಯವನ ಕೈಗೆ ಒಂದು ಪಾದ ಸಿಕ್ಕಿತು.

ಪೊಲೀಸರು ಬಂದರು. ಮಹಾಂತೇಶ ಹೇಳಿಕೆ ಕೊಟ್ಟ. "ಮೂರು ಸಲ ಕೂಗಿದೆ ಸಾರ್. ಯಾರೂ ಓಗೊಡಲಿಲ್ಲ." ರೈಟರು ಅದರ ಕೆಳಗೆ ತಾನೇ ಒಂದು ಸಾಲು ಸೇರಿಸಿಕೊಂಡ, 'ಮೃತನು ಕುಡಿದು ಮಲಗಿದ್ದ ಕಾರಣ ಎಚ್ಚರವಾಗಿರುವುದಿಲ್ಲ' ಅಂತ. ಓದಿ ಹೇಳಿದ. ಮಹಾಂತೇಶ ಹೂಂ ಅಂದು ಸಹಿ ಹಾಕಿದ.

ಸೋಮವಾರ ಸಮಿತಿಯವರು ಬಂದರು. ಟೇಪು ತಂದಿದ್ದರು, ಕ್ಯಾಮೆರಾ ತಂದಿದ್ದರು. ಅಳೆಯೋಕೆ ಏನೂ ಇರಲಿಲ್ಲ. ಶಾರದಾ ಮೇಡಂ ಮಣ್ಣಿನ ಗುಡ್ಡೆ ಮುಂದೆ ಒಂದು ಗಂಟೆ ನಿಂತಿದ್ದರಂತೆ.

ಈಗ ಬಾವಿ ಪಕ್ಕದ ಡಿಪೋಗೆ ಬರೋಣ.

ಮಾರನೇ ರಾತ್ರಿ ಮಹಾಂತೇಶ ಹೆಂಡತಿ ರಕ್ಷಿತಾಳನ್ನು ಕರೆದುಕೊಂಡು ಹೋದ. ಯಾಕೆ ಅಂತ ಹೇಳಲಿಲ್ಲ. ಇಬ್ಬರೂ ಬೇಲಿ ಹತ್ತಿರ ನಿಂತರು. ಹನ್ನೆರಡಾಯಿತು, ಒಂದಾಯಿತು. ಎರಡಕ್ಕೆ ಕಿರ್ರ್ ಅಂದಿತು. ಅವನು ಅವಳ ಮುಖ ನೋಡಿದ.

"ಕೇಳಿಸ್ತಾ?"

"ಏನು?"

"ಏನೂ ಇಲ್ಲ."

ಅವಳು ಸೆರಗು ಬಿಗಿದುಕೊಂಡು ಪಿಸುಗುಟ್ಟಿದಳು. "ನಡೀರಿ ಹೋಗೋಣ. ಸದ್ದೇನೂ ಇಲ್ಲ ಕಣ್ರೀ... ಆದ್ರೆ ಯಾರೋ ಇಲ್ಲಿ ಏದುಸಿರು ಬಿಡ್ತಾ ಇದಾರೆ."

ಮೂರನೇ ರಾತ್ರಿ ಅವನು ಒಬ್ಬನೇ ಹೋದ. ಹಲಗೆಗಳ ಎದುರಿಗೇ ನೆಲದ ಮೇಲೆ ಕೂತ. ಟಾರ್ಚು ಹಾಕಲಿಲ್ಲ. ಬಾವಿಯೊಳಗೆ ಕಪ್ಪೆ ಒಂದು ಬಿಟ್ಟೂ ಬಿಟ್ಟೂ ಕೂಗುತ್ತಿತ್ತು. ಎರಡು ಗಂಟೆ ಹೊತ್ತಿಗೆ ಅದೂ ಸುಮ್ಮನಾಯಿತು.

ಕಿರ್ರ್... ಸರ್ರ್... ಠಕ್.

ಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಅವನಿಗೆ ಎದ್ದು ಓಡಬೇಕು ಅನ್ನಿಸಿತು. ಆದರೂ ಕೂತೇ ಇದ್ದ.

ಕಿರ್ರ್...

ನಿಂತಿತು. ಆಗ ಮುಂದೆ, ಒಂದು ಮೊಳ ದೂರದಲ್ಲಿ, ಮುದಿ ಗಂಟಲು. ಪಿಸುಮಾತು.

"ಬಂದೆ ಕಣಪ್ಪ... ಒಂದ್ನಿಮ್ಸ ತಡಿ... ಕೈ ಬರ್ತಿಲ್ಲ."

ಬೈಗುಳ ಅಲ್ಲ, ಶಾಪ ಅಲ್ಲ. ಬಾಗಿಲು ತಟ್ಟಿದವರಿಗೆ ಯಾರಾದರೂ ಹೇಳುವ ಮಾತು. ಗಿರಾಕಿಗೆ ಹೇಳುವ ಮಾತು.  ಮಹಾಂತೇಶ ಬಾಯಿ ಬಿಟ್ಟ.

"ತಡೀತೀನಿ ಯಜಮಾನ್ರೇ... ನಿಧಾನವಾಗಿ ಬನ್ನಿ. ತಡೀತೀನಿ."

ಕಾದ. ಬೆಳಗಿನವರೆಗೂ ಅಲ್ಲೇ ಕೂತು ಕಾದ. ಎರಡನೇ ಹಲಗೆ ಕೆಳಗಿಳಿಯಲೇ ಇಲ್ಲ.

ಬೆಳಕಾದ ಮೇಲೆ ಅವನು ಮನೆಗೆ ಬರಲಿಲ್ಲ. ಮುಖವನ್ನೂ ತೊಳೆಯದೆ ನೆಟ್ಟಗೆ ಅಶೋಕಪುರಂಗೆ ಹೋದ. ಕೇಳಿ ಕೇಳಿ ಸಣ್ಣಮಾದಯ್ಯನ ಮನೆ ಹುಡುಕಿದ. ಅವನ ಹೆಂಡತಿ ಬೆಟ್ಟಮ್ಮ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದಳು. ಇವನು ಯಾರು ಅಂತ ಅವಳಿಗೆ ಗೊತ್ತಿತ್ತು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ಅವ್ವಾ... ಅವ್ರು ನಿದ್ದೆ ಮಾಡ್ತಿರ್ಲಿಲ್ಲ," ಅಂದ ಹೊಸ್ತಿಲ ಆಚೆಯಿಂದ. "ಹಲಗೆ ತೆಗೀತಾ ಇದ್ರು. ನಂಗೆ ಕೇಳಿಸ್ತು. ಕೇಳಿಸಿದ ಮೇಲೇನೇ ನಾನು ಸನ್ನೆ ಮಾಡಿದ್ದು."

ಮೊರ ನಿಂತಿತು.

"ಎಷ್ಟ್ ಹಲ್ಗೆ ತೆಗ್ದಿದ್ರು?"

"ಒಂದು. ಎರಡನೇದು ಎತ್ತಿದ್ರು... ಅಷ್ಟರಲ್ಲಿ..."

ಬೆಟ್ಟಮ್ಮ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಆಚೆ ಎಸೆದಳು. ಆಮೇಲೆ, ಅವನಿಗೆ ಹೇಳುತ್ತಿಲ್ಲವೇನೋ ಅನ್ನುವ ಹಾಗೆ ಹೇಳಿದಳು. "ದೀಪಾವಳೀಲಿ ಬಿದ್ದು ಬಲಗೈ ಎತ್ತಕ್ಕಾಯ್ತಿರ್ಲಿಲ್ಲ. ದಿನಾ ನಾನೇ ಹೋಗಿ ಹಲ್ಗೆ ತೆಗ್ದು ಕೊಡ್ತಿದ್ದೆ. ಅವತ್ತೂ ಬತ್ತೀನಿ ಅಂದೆ. ಬ್ಯಾಡ ಅಂದ್ರು. ಸೋಮ್ವಾರ ಸರ್ಕಾರದೋರು ನೋಡಕ್ ಬತ್ತಾರೆ, ಎಣ್ಣೆ ಒರ್ಸಿ ಚಂದಾಗಿ ಮಡಗ್ಬೇಕು, ಎರಡು ದಿನ ಅಲ್ಲೇ ಮಲಿಕ್ಕೋತೀನಿ, ಅಂದ್ರು."

ಮಹಾಂತೇಶ ಅಲ್ಲೇ ಕುಸಿದು ಕೂತು ಅತ್ತ.

"ನಿನ್ ಅಳು ತಕೊಂಡು ನಾನೇನ್ ಮಾಡ್ಲಿ?" ಅಂದಳು ಬೆಟ್ಟಮ್ಮ. "ಕುಡ್ದಿದ್ರು ಅಂತ ಬರ್ಕೊಂಡವ್ರೆ. ನಮ್ಮೋರು ಜೀವಮಾನದಲ್ಲಿ ಮುಟ್ದೋರಲ್ಲ. ಎದ್ದೋಗಿ ಅದನ್ನ ಅಳಿಸ್ಸು."

ಅವನು ಎದ್ದು ಹೋದ. ಶಾರದಾ ಮೇಡಂ ಮನೆಗೆ ಹೋಗಿ ಎಲ್ಲಾ ಹೇಳಿದ. ಅವರು ಮುಖ ಕೊಟ್ಟು ಮಾತಾಡಲಿಲ್ಲ, ಆದರೆ ಹೇಳಿಕೆ ಬರೆದುಕೊಟ್ಟರು, ಸ್ಟೇಷನ್ನಿಗೂ ಜೊತೆಗೆ ಬಂದರು. ರೈಟರು ಕೆರಳಿದ. ಮುಗಿದ ಕೇಸು, ಈಗ್ಯಾಕ್ರೀ ಬಂದ್ರಿ ಅಂದ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಸಾಹೇಬರು ಬರುವವರೆಗೂ ಏಳಲಿಲ್ಲ.

ಏನಾಯಿತು ಅಂದರೆ... ಕುಡಿದಿದ್ದ ಅನ್ನುವ ಆ ಸಾಲು ಹೋಯಿತು. ಅಷ್ಟು ಮಾತ್ರ ಆಯಿತು. ಮಹಾಂತೇಶ ಹತ್ತೊಂಬತ್ತು ದಿನ ಜೈಲಿನಲ್ಲಿದ್ದು ಬಂದ. ಸದಾಶಿವಯ್ಯನವರಿಗೆ ಎದೆನೋವು ಬಂತು, ಆಸ್ಪತ್ರೆಯಲ್ಲಿದ್ದೇ ಜಾಮೀನು ತಗೊಂಡರು. ಕೇಸು ವರ್ಷಗಟ್ಟಲೆ ಎಳೆಯಿತು, ಕೊನೆಗೆ ಸಾಕ್ಷಿ ಸಾಲದು ಅಂತ ಬಿದ್ದುಹೋಯಿತು. ಎರಡು ಸಾವಿರದ ಐದರಲ್ಲಿ ಕಾಂಪ್ಲೆಕ್ಸ್ ಎದ್ದಿತು. ನೆಲದಲ್ಲಿ ಗ್ರಾನೈಟು, ಮುಂದೆ ಗಾಜು. ಆ ಒಂಬತ್ತು ಹಲಗೆಗಳನ್ನು ಪೊಲೀಸರು ಸಾಕ್ಷಿಗೆ ಅಂತ ಹೊತ್ತುಕೊಂಡು ಹೋದವರು ವಾಪಸು ಕೊಡಲಿಲ್ಲ. ಬಾವಿ ಹತ್ತಿರ ಸದ್ದು ನಿಂತಿತು. ಮಹಾಂತೇಶ ಆ ಕಸುಬು ಬಿಟ್ಟ. ಈಗ ಒಂದು ಛತ್ರದಲ್ಲಿ ಪಾತ್ರೆ ಲೆಕ್ಕ ನೋಡಿಕೊಂಡಿದ್ದಾನೆ. ಯಾರಾದರೂ ಬಾಗಿಲು ತಟ್ಟಿದರೆ ಊಟದ ಎಲೆ ಮುಂದಿದ್ದರೂ ಎದ್ದು ಓಡುತ್ತಾನೆ.

ಇಷ್ಟೇ ಆಗಿದ್ದರೆ, ಪಾಪಪ್ರಜ್ಞೆ, ತಲೆ ಕೆಟ್ಟಿತ್ತು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಸ್ಟೇಷನ್ನಿನಲ್ಲಿ ಫೈಲು ತೆರೆದಾಗ ಅದರಲ್ಲಿ ಇನ್ನೊಂದು ಹಾಳೆ ಇತ್ತು. ಪೂರ್ತಿ ಬರೆದು, ಆಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದದ್ದು. ಮಹಾಂತೇಶ ಓದಿದ, ಮೇಡಂ ಕೂಡ ಓದಿದರು. ಅಶೋಕಪುರಂನಲ್ಲಿ ಮನೆಮನೆಗೆ ಹಾಲು ಹಾಕುವ ಲಕ್ಷ್ಮಮ್ಮನ ಹೇಳಿಕೆ ಅದು. ನಾನು ಅಷ್ಟಕ್ಕೇ ಬಿಡದೆ ಲಕ್ಷ್ಮಮ್ಮನನ್ನೇ ಹೋಗಿ ಕೇಳಿದೆ. ಹೆಬ್ಬೆಟ್ಟು ಒತ್ತಿದವಳು, ಒಂದಕ್ಷರ ಬದಲಾಯಿಸದೆ ಹೇಳಿದಳು. ಆ ಭಾನುವಾರ ಬೆಳಗ್ಗೆ ಐದೂವರೆ. ಸೂರು ಕೂತು ಮೂರು ಗಂಟೆ ಮೇಲಾಗಿತ್ತು, ಇನ್ನೂ ಯಾರಿಗೂ ಸುದ್ದಿ ಗೊತ್ತಿಲ್ಲ. ಸಣ್ಣಮಾದಯ್ಯ ಎದುರಿಗೆ ಬಂದ. ತಲೆ, ಹುಬ್ಬು, ರೆಪ್ಪೆ ಎಲ್ಲಾ ಬೆಳ್ಳಗೆ ಸುಣ್ಣದ ಪುಡಿ. "ಏನ್ ಮಾದಯ್ಯ, ಗೋಡೆಗೆ ಸುಣ್ಣ ಹೊಡೀತಿದ್ಯಾ?" ಅಂದಳಂತೆ. ಅವನು ಮಾತಾಡಲಿಲ್ಲ. ಚೊಂಬು ಮುಂದೆ ಹಿಡಿದ. ಅರ್ಧ ಲೀಟರು ಹಾಲು ಹಾಕಿದಳು. ಅವನು ಮನೆ ಕಡೆ ತಿರುಗಿ ಹೋದ.

ಆರು ಗಂಟೆಗೆ ಬೆಟ್ಟಮ್ಮ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಆ ಹಾಲಿನ ಚೊಂಬು ಇತ್ತು. ತಾಮ್ರದ್ದು. ಅವರ ಮನೆಯದಲ್ಲ. ಬೀದಿಯಲ್ಲೆಲ್ಲ ವಿಚಾರಿಸಿದರು, ಯಾರೂ ನಮ್ಮದು ಅನ್ನಲಿಲ್ಲ.

ಈಗಲೂ ಬೆಟ್ಟಮ್ಮನ ಮನೆಯಲ್ಲಿದೆ. ನಾನು ಹೋದಾಗ ಅದರಲ್ಲೇ ನೀರು ಕೊಟ್ಟಳು. ಕುಡಿದು ಬಂದಿದ್ದೇನೆ.