ಕೊರಳ ಗುಂಡಿ

ನಾವು ಕುಳಿ ನೋಡಿಕೊಂಡು ಇಳಿದು ಕಾವಲುಗಾರನ ಶೆಡ್ಡು ಮುಟ್ಟುವಷ್ಟರಲ್ಲಿ ಮಳೆ ಹಿಡಿಯಿತು. ಅಕ್ಕ, ಭಾವ, ಡ್ರೈವರ್, ನಾನು, ನಾಲ್ವರೂ ಅಲ್ಲಿ ಕೊಟ್ಟಿದ್ದ ಉಣ್ಣೆ ಕೋಟುಗಳಲ್ಲೇ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತೆವು. ಆ ಸಂರಕ್ಷಿತ ಬೆಟ್ಟದ ಮೇಲೊಂದು ಬಂಡೆಗಳ ಕುಳಿಯಿದೆ. ಸುತ್ತಲಿನ ಊರುಗಳೆಲ್ಲ ಬಿಸಿಲಿಗೆ ಬೇಯುವ ತಿಂಗಳಲ್ಲೂ ಅದರ ಬಿರುಕುಗಳಿಂದ ಕೊರೆಯುವ ಗಾಳಿ ಬರುತ್ತದೆ, ತಳದಲ್ಲಿ ಹಿಮ ಕಟ್ಟಿರುತ್ತದೆ.

"ಈ ಬೇಸಿಗೇಲಿ ಉಣ್ಣೆ ಕೋಟು ಕೊಟ್ಟಾಗ ಅಜ್ಜನಿಗೆ ಮರುಳು ಅಂದ್ಕೊಂಡಿದ್ದೆ" ಎಂದು ಭಾವ ನಗುತ್ತಾ ಕೋಟು ಬಿಚ್ಚಲು ಕೈ ಹಾಕಿದರು.

ಕಾವಲಿನ ಅಜ್ಜ ನಗಲಿಲ್ಲ. ಪದ್ಯ ಓದುವವರು ಮೊದಲ ಸಾಲಿಗೆ ಮುನ್ನ ಉಸಿರು ಹಿಡಿಯುವಂತೆ ಹಿಡಿದು, ಗೋಡೆಯ ಗೂಟಗಳನ್ನು ನೋಡುತ್ತಾ ಶುರುಮಾಡಿದರು.

"ಬಿಚ್ಚಬೇಡಿ, ಸ್ವಲ್ಪ ಇರಿ... ಮೂವತ್ತು ಗೂಟ, ಮೂವತ್ತು ಕೋಟು. ಅವತ್ತೂ ಅಷ್ಟೇ, ಇವತ್ತೂ ಅಷ್ಟೇ. ಸಂಜೆ ಗೂಟ ತುಂಬಿದ್ರೆ ಮೇಲೆ ಯಾರೂ ಉಳಿದಿಲ್ಲ ಅಂತ. ಹತ್ತಿ ಹೋಗಿ ಕುಳಿಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕ್ತಿದ್ದೆ. ಒಂದು ಗೂಟ ಖಾಲಿ ಇದ್ರೆ ಮಾತ್ರ ಒಳಗಿಳಿದು ಕೂಗ್ತಿದ್ದೆ. ಜನಾನ ಕರ್ಕೊಂಡು ಹೋಗಿ ತೋರಿಸೋದು ನನ್ನ ಹೆಂಡತಿ. ಕುಳಿಯ ಬಾಯಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ, ಮಗೂಗೆ ಹಾಕೋ ಹಾಗೆ ಕೊರಳ ಗುಂಡಿ ಹಾಕೋಳು. ಅವಳ ಕೋಟೂ ಈ ಮೂವತ್ತರಲ್ಲೇ ಒಂದು.

"ಅವತ್ತು ಬೆಳಗ್ಗೆ ಜಗಳ. ಯಾತಕ್ಕೆ ಅಂದ್ರೆ ನಗ್ತೀರಿ... ಅವಳು ಹೊಸ ಕನ್ನಡಕ ಹಾಕ್ಕೊಂಡು ಎರಡು ದಿನ ಆಗಿತ್ತು, ನಾನು ನೋಡೇ ಇರಲಿಲ್ಲ. 'ಕನ್ನಡಕ ಬೇಕಾಗಿದ್ದು ನನಗಲ್ಲ ಕಣ್ರೀ, ನಿಮಗೆ! ನಿಮಗೆ ಮುಖ ಎಲ್ಲಿ ಕಾಣುತ್ತೆ? ಕೋಟು ವಾಪಸ್ ಬಂದ್ರೆ ಆಯ್ತು!' ಅಂದು ಹೊರಟುಬಿಟ್ಟಳು.

"ಆ ದಿನ ಜನವೋ ಜನ. ಕೋಟೆಲ್ಲ ಮುಗಿದ ಮೇಲೆ ಒಬ್ಬ ಮುದುಕಿ ಏದುಸಿರು ಬಿಡ್ತಾ ಹತ್ತಿದಳು. ನನ್ನ ಹೆಂಡತಿ ಮೇಲೆ ತನ್ನ ಕೋಟನ್ನೇ ಬಿಚ್ಚಿ ಅವಳಿಗೆ ಹಾಕಿದ್ದು ನನಗೇನು ಗೊತ್ತು? ಸಂಜೆ ಎಲ್ಲರೂ ಇಳಿದರು, ಕೋಟು ಕೊಟ್ಟರು. ಎಣಿಸಿದೆ... ಮೂವತ್ತು. ಇವಳದ್ದೂ ಇತ್ತು. ಮಾತಾಡಿಸದೆ ಮನೆಗೆ ಹೋಗಿದ್ದಾಳೆ, ಹೋಗ್ಲಿ ಬಿಡು ಅಂದ್ಕೊಂಡೆ. ಹತ್ತಿದೆ, ಬೀಗ ಹಾಕಿದೆ. ಕೂಗಲಿಲ್ಲ. ಗೂಟ ತುಂಬಿತ್ತಲ್ಲ, ಯಾಕೆ ಕೂಗ್ಲಿ? ಜಗಳ ಆದ ದಿನ ನಾನು ಮಲಗೋದು ಇಲ್ಲೇ, ನೀವು ಕೂತಿದ್ದೀರಲ್ಲ, ಆ ಬೆಂಚಿನ ಮೇಲೆ. ಮುನಿಸಿಕೊಂಡು ಗೋಡೆ ಕಡೆ ತಿರುಗಿ... ಚೆನ್ನಾಗಿ ನಿದ್ದೆ ಮಾಡಿದೆ, ತಾಯಿ. ಚೆನ್ನಾಗಿ ನಿದ್ದೆ ಮಾಡಿದೆ.

"ಬೆಳಗ್ಗೆ ಹತ್ತಿದಾಗ ಹೊರಗೆ ಕಾಲು ಸುಡೋ ಬಿಸಿಲು. ಒಳಗೆ, ಬಾಗಿಲ ಸರಳಿಗೆ ಒರಗಿ ಕೂತಿದ್ದಳು. ಜನ ಬಿಸಾಕಿದ ಚಾಕಲೇಟ್ ಕಾಗದ ಆರಿಸೋಕೆ ದಿನಾ ಕೊನೇಲಿ ತಳಕ್ಕೆ ಇಳೀತಿದ್ದಳು. ಅವು ಮುಷ್ಟಿಯಲ್ಲೇ ಇದ್ದವು. ಕನ್ನಡಕದ ತುಂಬಾ ಹಿಮ. ಒರೆಸಿದೆ... ಆಗ ಕಂಡಿತು, ಅದು ಅವಳ ಮುಖಕ್ಕೆ ಎಷ್ಟು ಒಪ್ಪಿತ್ತು ಅಂತ."

ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

"ಈಗ ನಾನು ಮುಖ ಎಣಿಸ್ತೀನಿ. ಗೂಟ ತುಂಬಿದ್ರೂ ಒಳಗಿಳಿದು ಕೂಗ್ತೀನಿ. ನಲವತ್ತು ವರ್ಷದಿಂದ ದಿನಾ ಸಂಜೆ ಅವಳ ಕೋಟು ಹಾಕ್ಕೊಂಡು, ಕೊರಳು ಬಿಟ್ಟುಕೊಂಡು ಕುಳಿಯ ಬಾಯಲ್ಲಿ ನಿಲ್ತೀನಿ. ಕತ್ತಲಾಗೋವರೆಗೂ ನಿಲ್ತೀನಿ... ನನ್ನ ಗುಂಡಿ ಬಿಚ್ಚಿದ್ದು ಬಿಚ್ಚಿದ ಹಾಗೇ ಇರುತ್ತೆ. ಬಂದವರಿಗೆಲ್ಲಾ ಹಾಕ್ತಾಳೆ. ನನಗೊಬ್ಬನಿಗೆ ಇಲ್ಲ."

"ಬಂದವರಿಗೆಲ್ಲಾ ಅಂದ್ರೆ ಏನಜ್ಜ?" ಭಾವನ ದನಿಯಲ್ಲಿ ನಗು ಉಳಿದಿರಲಿಲ್ಲ.

"ನಾನು ಕೋಟು ಕೊಡುವಾಗ ಒಂದು ಗುಂಡೀನೂ ಹಾಕಿರಲಿಲ್ಲ, ನೀವೇ ನೋಡಿದ್ರಲ್ಲ? ಒಳಗೆ ಹೋದ ಮೇಲೆ ಬೆರಳು ಮರಗಟ್ಟಿ ನಿಮ್ಮ ಕೈಲೂ ಆಗಿರಲ್ಲ... ಎಲ್ಲಿ, ಕೊರಳು ಮುಟ್ಟಿ ನೋಡ್ಕೊಳ್ಳಿ. ನಿಧಾನ, ತಾಯಿ. ಗುಂಡಿ ಇನ್ನೂ ತಣ್ಣಗಿರುತ್ತೆ."